‘ಸಾರ್ವಜನಿಕ ಉದ್ದೇಶ’ ಎಂಬ ಎರಡು ಪದಗಳು

ನೆಲ ಮಾರುವವನಿಗೂ ಕೊಳ್ಳುವವನಿಗೂ ನಡುವೆ ಒಂದು ಚೌಕಾಶಿ ಇರುತ್ತದೆ. ಬೆಲೆ ಒಪ್ಪಿಗೆಯಾಗದಿದ್ದರೆ ಮಾರುವವನು ಪಂಚೆ ಕೊಡವಿಕೊಂಡು ಎದ್ದು ಹೋಗಬಹುದು. ಆದರೆ ಕೊಳ್ಳುವುದು ಸರ್ಕಾರವಾದರೆ ಈ ಸ್ವಾತಂತ್ರ್ಯ ಇಲ್ಲ. ರಾಜ್ಯಪತ್ರದಲ್ಲಿ ಊರಿನ ಹೆಸರು, ಸರ್ವೆ ನಂಬರು, ಎಕರೆ, ಗುಂಟೆ ಪ್ರಕಟವಾದರೆ ಆ ಜಮೀನಿನ ಬೆಲೆಯನ್ನು ಅಲ್ಲಿಗೇ ನಿಲ್ಲಿಸಿದಂತೆ. ಆಮೇಲೆ ಒಡೆಯನಿಗೆ ಉಳಿಯುವುದು ‘ಎಷ್ಟು ಕೊಡುತ್ತೀರಿ’ ಎಂಬ ಪ್ರಶ್ನೆಯೇ ಹೊರತು ‘ಕೊಡುವುದಿಲ್ಲ’ ಎಂಬ ಉತ್ತರವಲ್ಲ. ಕಾಲುವೆ, ರೈಲು, ಅಣೆಕಟ್ಟು, ಬಡಾವಣೆ, ವಿಮಾನ ನಿಲ್ದಾಣ ಎಲ್ಲವೂ ನಿಂತಿರುವುದು ಈ ಅಧಿಕಾರದ ಮೇಲೆ.

ಪ್ರಜೆಯ ಆಸ್ತಿಯ ಮೇಲೆ ರಾಜ್ಯಕ್ಕೆ ಒಂದು ಮೇಲುಹಕ್ಕು ಇದೆ, ಆದರೆ ಅದನ್ನು ಚಲಾಯಿಸಿದಾಗ ನಷ್ಟ ತುಂಬಿಕೊಡಬೇಕು ಎಂಬ ವಾದವನ್ನು ಯೂರೋಪಿನಲ್ಲಿ ಸ್ಪಷ್ಟವಾಗಿ ಮಂಡಿಸಿದವನು ಡಚ್ ನ್ಯಾಯವೇತ್ತ ಹ್ಯೂಗೊ ಗ್ರೋಷಿಯಸ್. ಅವನ ಗ್ರಂಥ ಬಂದದ್ದು 1625ರಲ್ಲಿ. ನಮ್ಮ ಕಡೆ ಹಳೆಯ ವ್ಯವಸ್ಥೆ ಬೇರೆ ಬಗೆಯದು. ಕೆರೆ ಕಟ್ಟಿಸಿದವನಿಗೆ, ಅದನ್ನು ನೋಡಿಕೊಳ್ಳುವವನಿಗೆ ಭೂಮಿ ಬಿಟ್ಟುಕೊಟ್ಟ ಉಲ್ಲೇಖಗಳು ಕನ್ನಡ ಶಾಸನಗಳಲ್ಲಿ ಹೇರಳ. ಕಟ್ಟುಕೊಡಗೆ, ಬಿತ್ತುವಟ್ಟ ಎಂಬ ಪದಗಳೇ ಅದಕ್ಕೆ ಸಾಕ್ಷಿ. ಕಟ್ಟಿದವನಿಗೆ ಏನು ಸಿಕ್ಕಿತೆಂಬುದನ್ನು ಕಲ್ಲಿನಲ್ಲಿ ಕೆತ್ತಿಸಿದವರು ಕೆರೆಯಂಗಳದಲ್ಲಿ ಹೊಲ ಕಳೆದುಕೊಂಡವನ ವಿಚಾರವನ್ನು ಅಷ್ಟಾಗಿ ಕೆತ್ತಿಸಲಿಲ್ಲ.

ಇಂದಿನ ಅರ್ಥದ ಭೂಸ್ವಾಧೀನ ಭಾರತಕ್ಕೆ ಬಂದದ್ದು ಈಸ್ಟ್ ಇಂಡಿಯಾ ಕಂಪನಿಯ ಮೂಲಕ. 1824ರ ಬಂಗಾಳದ ಮೊದಲನೇ ರೆಗ್ಯುಲೇಷನ್ ರಸ್ತೆ, ಕಾಲುವೆ ಮತ್ತಿತರ ಸಾರ್ವಜನಿಕ ಕಾರ್ಯಗಳಿಗೆ ಜಮೀನು ಪಡೆಯುವ ಅಧಿಕಾರವನ್ನು ಅಧಿಕಾರಿಗಳಿಗೆ ಕೊಟ್ಟಿತು. ಆ ವೇಳೆಗೆ ರೈಲಿನ ಕನಸೂ ಇರಲಿಲ್ಲ. ಕಾಲು ಶತಮಾನ ಕಳೆದು ರೈಲು ಬರುವ ಸೂಚನೆ ಕಂಡಾಗ, 1850ರ ಒಂದು ಕಾನೂನು ರೈಲ್ವೆಯೂ ಸಾರ್ವಜನಿಕ ಕಾಮಗಾರಿಯೇ ಎಂದು ಸಾರಿತು. ಇದು ಚಿಕ್ಕ ಸಂಗತಿಯಲ್ಲ. ರೈಲು ಹಾಕುತ್ತಿದ್ದವು ಲಂಡನ್ನಿನಲ್ಲಿ ಷೇರು ಮಾರಿದ ಖಾಸಗಿ ಕಂಪನಿಗಳು. ಅವುಗಳಿಗೆ ಬಂಡವಾಳದ ಮೇಲೆ ಶೇಕಡ 5ರ ಬಡ್ಡಿಯ ಖಾತರಿಯ ಜೊತೆಗೆ ಜಮೀನನ್ನೂ ಸರ್ಕಾರವೇ ಉಚಿತವಾಗಿ ಒದಗಿಸಿತು. ‘ಸಾರ್ವಜನಿಕ’ ಎಂಬ ಮಾತು ಕಂಪನಿಯ ಲಾಭವನ್ನೂ ಒಳಗೊಳ್ಳಬಲ್ಲದು ಎಂಬುದು ಅಂದೇ ತೀರ್ಮಾನವಾಗಿತ್ತು.

1857ರ ಕಾಯ್ದೆ ಬ್ರಿಟಿಷ್ ಭಾರತಕ್ಕೆಲ್ಲ ಒಂದೇ ನಿಯಮ ತಂದಿತು. 1863ರಲ್ಲಿ ಖಾಸಗಿ ಕಂಪನಿಗಳ ಲೋಕೋಪಯೋಗಿ ಕಾಮಗಾರಿಗೆ ಜಮೀನು ಕೊಡಿಸಲು ಪ್ರತ್ಯೇಕ ಕಾಯ್ದೆಯಾಯಿತು. ಬೆಲೆ ನಿರ್ಧರಿಸುವ ಮಧ್ಯಸ್ಥಗಾರರು ಕೈಬಿಚ್ಚಿ ಕೊಡುತ್ತಾರೆಂಬ ದೂರು ಬಂದು, 1870ರ ಕಾಯ್ದೆ ವಿವಾದಗಳನ್ನು ಸಿವಿಲ್ ನ್ಯಾಯಾಲಯಕ್ಕೆ ಒಯ್ದಿತು. ಮೊಕದ್ದಮೆಗಳು ಹೆಚ್ಚಿದವೆಂದು ಮತ್ತೆ ತಿದ್ದುವ ಯೋಚನೆಯಾಯಿತು. ಹೀಗೆ ಬಂದದ್ದೇ 1894ರ ಮೊದಲನೇ ಕಾಯ್ದೆ. ಮೈಸೂರು ಸಂಸ್ಥಾನವೂ ಅದೇ ವರ್ಷ ಅದೇ ಅಚ್ಚಿನ ತನ್ನದೊಂದು ಕಾಯ್ದೆಯನ್ನು ಮಾಡಿಕೊಂಡಿತು.

ನೂರಾ ಹತ್ತೊಂಬತ್ತು ವರ್ಷ ಬಾಳಿದ ಈ 1894ರ ಕಾಯ್ದೆಯನ್ನು ಬಿಡಿಸಿ ನೋಡದೆ ಮುಂದಿನ ಕಥೆ ಅರ್ಥವಾಗದು. ಅದರ ನಾಲ್ಕನೇ ಕಲಮಿನಡಿ ಪ್ರಾಥಮಿಕ ಅಧಿಸೂಚನೆ, ಆರನೆಯದರಡಿ ಅಂತಿಮ ಘೋಷಣೆ. ಜಮೀನು ಸಾರ್ವಜನಿಕ ಉದ್ದೇಶಕ್ಕೆ ಬೇಕಾಗಿದೆ ಎಂದು ಸರ್ಕಾರ ಘೋಷಿಸಿದರೆ ಆ ಘೋಷಣೆಯೇ ಅದಕ್ಕೆ ನಿರ್ಣಾಯಕ ಸಾಕ್ಷ್ಯ ಎಂದು ಕಾಯ್ದೆ ಹೇಳಿತ್ತು. ಆದರೆ ಸಾರ್ವಜನಿಕ ಉದ್ದೇಶ ಎಂದರೇನು? ‘ಇಂಥವೂ ಅದರಲ್ಲಿ ಸೇರುತ್ತವೆ’ ಎಂದಿತ್ತೇ ಹೊರತು ‘ಇಷ್ಟೇ’ ಎಂಬ ಗೆರೆ ಇರಲಿಲ್ಲ. ಪರಿಹಾರವೆಂದರೆ ಪ್ರಾಥಮಿಕ ಅಧಿಸೂಚನೆಯ ದಿನದ ಮಾರುಕಟ್ಟೆ ಬೆಲೆ. ಬಲವಂತದ ಕೊಳ್ಳುವಿಕೆ ಎಂಬ ಕಾರಣಕ್ಕೆ ಅದರ ಮೇಲೆ ಶೇಕಡ 15 ಸೋಲೇಷಿಯಂ, ಅಂದರೆ ಸಮಾಧಾನದ ಹಣ. ನಿಮ್ಮ ಜಮೀನು ಏಕೆ ಬೇಡ ಎಂದು ಹೇಳಿಕೊಳ್ಳುವ ಹಕ್ಕು ರೈತನಿಗೆ ಸಿಕ್ಕಿದ್ದು 1923ರ ತಿದ್ದುಪಡಿಯಲ್ಲಿ. ಆ ಆಕ್ಷೇಪಣೆ ಕೇಳುವವನೂ ಸರ್ಕಾರದ ಅಧಿಕಾರಿಯೇ. ತುರ್ತು ಎಂದು ಸರ್ಕಾರ ಬರೆದುಬಿಟ್ಟರೆ ಅಷ್ಟೂ ಇಲ್ಲ.

ಮಾರುಕಟ್ಟೆ ಬೆಲೆ ಎಂಬ ಮಾತು ಕೇಳಲು ನ್ಯಾಯವಾಗಿಯೇ ಇದೆ. ಆದರೆ ಅದನ್ನು ಗೊತ್ತುಮಾಡುವುದು ಸುತ್ತಮುತ್ತಲ ಕ್ರಯಪತ್ರಗಳಿಂದ. ಮುದ್ರಾಂಕ ಶುಲ್ಕ ಉಳಿಸಲು ಕ್ರಯಪತ್ರದಲ್ಲಿ ಬೆಲೆ ಇಳಿಸಿ ಬರೆಸುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಗುಟ್ಟು. ಹಿಂದೊಮ್ಮೆ ಯಾರೋ ಉಳಿಸಿದ ನಾಲ್ಕು ಕಾಸು ಊರಿಗೆಲ್ಲ ಪರಿಹಾರ ಇಳಿಸುವ ದಾಖಲೆಯಾಗುತ್ತಿತ್ತು. ಮಾರಾಟವೇ ನಡೆಯದ ಊರುಗಳಲ್ಲಂತೂ ಅಧಿಕಾರಿ ಹೇಳಿದ್ದೇ ಬೆಲೆ. ನ್ಯಾಯಾಲಯಕ್ಕೆ ಹೋದರೆ ಹೆಚ್ಚು ಸಿಗುತ್ತಿತ್ತು, ನಿಜ. ಆದರೆ ಹೋಗಬೇಕಾದರೆ ಹಣ ಪಡೆಯುವಾಗಲೇ ಪ್ರತಿಭಟನೆ ದಾಖಲಿಸಿ, ಗೊತ್ತಾದ ಅವಧಿಯೊಳಗೆ ಅರ್ಜಿ ಕೊಡಬೇಕು. ಹೆಬ್ಬೆಟ್ಟು ಒತ್ತಿ ಹಣ ಎಣಿಸಿಕೊಂಡವನಿಗೆ ಬಾಗಿಲು ಮುಚ್ಚಿತು. ಪಕ್ಕದ ಹೊಲದವನಿಗೆ ನ್ಯಾಯಾಲಯ ಹೆಚ್ಚಿಸಿಕೊಟ್ಟ ದರವನ್ನು ತಾನೂ ಕೇಳಬಹುದೆಂಬ ಅವಕಾಶ ಅಂಥವನಿಗೆ ದೊರೆತದ್ದು 1984ರ ತಿದ್ದುಪಡಿಯಿಂದ. ಸೋಲೇಷಿಯಂ ಶೇಕಡ 30 ಆದದ್ದೂ ಆಗಲೇ.

ಈ ಅಧಿಕಾರಕ್ಕೆ ಮೊದಲ ದೊಡ್ಡ ಸಾಮೂಹಿಕ ಪ್ರತಿರೋಧ ಎದ್ದದ್ದು ಪುಣೆಯ ಹತ್ತಿರದ ಮುಳಶಿಯಲ್ಲಿ, 1921ರಲ್ಲಿ. ಮುಂಬೈಗೆ ವಿದ್ಯುತ್ ಒದಗಿಸಲು ಟಾಟಾ ಕಂಪನಿ ಅಲ್ಲಿ ಅಣೆಕಟ್ಟು ಕಟ್ಟಲು ಹೊರಟಾಗ ಮಾವಳ ರೈತರು ಸತ್ಯಾಗ್ರಹ ಹೂಡಿದರು. ಪಾಂಡುರಂಗ ಬಾಪಟರು ‘ಸೇನಾಪತಿ’ ಬಾಪಟ ಎನಿಸಿಕೊಂಡದ್ದು ಇಲ್ಲಿಯೇ. ಮೂರು ವರ್ಷದ ಹೋರಾಟ ಸೋತಿತು, ಅಣೆಕಟ್ಟು ಎದ್ದಿತು. ಗಮನಿಸಬೇಕಾದ ಒಂದು ಸಂಗತಿ ಇದೆ. ಅಲ್ಲಿನ ಜಮೀನಿನ ಬಹುಪಾಲು ಪುಣೆಯ ಸಾಹುಕಾರರ ಕೈಯಲ್ಲಿತ್ತು. ಅವರಿಗೆ ಹಣದ ಪರಿಹಾರ ಅಷ್ಟೇನೂ ಕಹಿಯಾಗಿರಲಿಲ್ಲ. ಉಳುತ್ತಿದ್ದವನಿಗೆ ಬೇಕಾಗಿದ್ದುದು ನೆಲ. ಪರಿಹಾರದ ಪಟ್ಟಿಯಲ್ಲಿ ಹೆಸರಿದ್ದವನೂ ಮುಳುಗಿದವನೂ ಒಬ್ಬನೇ ಅಲ್ಲ ಎಂಬ ಈ ತೊಡಕು ನಲವತ್ತು ವರ್ಷಗಳ ನಂತರ ಶರಾವತಿ ದಂಡೆಯಲ್ಲಿ ಇನ್ನೂ ತೀಕ್ಷ್ಣವಾಗಿ ಕಾಣಿಸಿಕೊಂಡಿತು.

ಶರಾವತಿಯಲ್ಲಿ ಮುಳುಗಡೆ ಲಿಂಗನಮಕ್ಕಿಗಿಂತ ಮೊದಲೇ ಆರಂಭವಾಗಿತ್ತು. 1940ರ ದಶಕದಲ್ಲಿ ಮಡೆನೂರಿನ ಬಳಿ ಕಟ್ಟಿದ ಹಿರೇಭಾಸ್ಕರ ಅಣೆಕಟ್ಟು ಒಂದಷ್ಟು ಊರುಗಳನ್ನು ಎಬ್ಬಿಸಿತು. 1964ರಲ್ಲಿ ಲಿಂಗನಮಕ್ಕಿ ಮುಗಿದಾಗ ಆ ಅಣೆಕಟ್ಟೇ ನೀರಿನಡಿ ಹೋಯಿತು; ಬರಗಾಲದ ಬೇಸಗೆಗಳಲ್ಲಿ ಅದು ಇಂದಿಗೂ ತಲೆ ಎತ್ತುತ್ತದೆ. 1,819 ಅಡಿ ಮಟ್ಟದವರೆಗೆ ನಿಲ್ಲುವ 151 ಟಿಎಂಸಿಗೂ ಮಿಕ್ಕ ನೀರು ಮುನ್ನೂರು ಚದರ ಕಿಲೋಮೀಟರಿಗೂ ಹೆಚ್ಚು ನೆಲವನ್ನು ಆವರಿಸಿತು. ಕಣಿವೆಯ ಗದ್ದೆ, ಅಡಿಕೆ ತೋಟ, ಕಾಡು, ದೇವಸ್ಥಾನ ಎಲ್ಲವೂ ಅದರಲ್ಲಿ ಸೇರಿದವು. ರಾಜ್ಯ ಬಹುಕಾಲ ಬೆಳಕು ಕಂಡದ್ದು ಈ ನೀರಿನಿಂದ ಎಂಬುದನ್ನು ಅಲ್ಲಗಳೆಯುವಂತಿಲ್ಲ. ಎಪ್ಪತ್ತರ ದಶಕದ ಮೈಸೂರು ರಾಜ್ಯದ ಕೈಗಾರಿಕೆಯನ್ನು ಶರಾವತಿಯನ್ನು ಬಿಟ್ಟು ಕಲ್ಪಿಸಿಕೊಳ್ಳಲಾಗದು.

ಮುಳುಗಿದ ಸೀಮೆ ಸಾಗರ, ಹೊಸನಗರದ್ದು. ಗೇಣಿ ಪದ್ಧತಿಯ ನಾಡು. 1951ರ ಕಾಗೋಡು ಸತ್ಯಾಗ್ರಹ ನಡೆದದ್ದು ಇದೇ ಸಾಗರ ತಾಲ್ಲೂಕಿನಲ್ಲಿ. ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದದ್ದೂ ಅಲ್ಲಿಯೇ. ಬಾಯಿಮಾತಿನ ಗೇಣಿಯಲ್ಲಿ ತಲೆತಲಾಂತರದಿಂದ ಉತ್ತ ಒಕ್ಕಲಿಗೆ ಪಹಣಿಯಲ್ಲಿ ಹೆಸರಿಲ್ಲದಿದ್ದರೆ, ಪರಿಹಾರ ಕೊಡುವ ಅಧಿಕಾರಿಗೆ ತೋರಿಸಲು ಅವನ ಹತ್ತಿರ ಏನಿತ್ತು? ಇನ್ನು ಕಾಲದ ಲೆಕ್ಕ ನೋಡಿ. 1961ರ ಭೂಸುಧಾರಣಾ ಕಾಯ್ದೆ ಜಾರಿಯಾದದ್ದು 1965ರಲ್ಲಿ. ಗೇಣಿದಾರನನ್ನೇ ಒಡೆಯನನ್ನಾಗಿ ಮಾಡಿದ ದೇವರಾಜ ಅರಸರ ತಿದ್ದುಪಡಿ ಬಂದದ್ದು 1974ರಲ್ಲಿ. ದಡದ ಮೇಲಿನ ಊರಿನ ಗೇಣಿದಾರ ಡಿಕ್ಲರೇಷನ್ ಹಾಕಿ ಜಮೀನಿಗೆ ಒಡೆಯನಾಗುವ ಹೊತ್ತಿಗೆ ಮುಳುಗಿದ ಊರಿನ ಗೇಣಿದಾರನ ಜಮೀನು ಹತ್ತು ವರ್ಷದಿಂದ ನೀರಿನಡಿ ಇತ್ತು. ಹತ್ತೇ ವರ್ಷದ ಹಿಂದುಮುಂದು ಒಂದೇ ತಾಲ್ಲೂಕಿನ ಎರಡು ಮನೆಗಳ ಹಣೆಬರಹವನ್ನು ಬೇರೆ ಮಾಡಿತು.

ಎದ್ದು ಬಂದವರಿಗೆ ಶಿವಮೊಗ್ಗ ಜಿಲ್ಲೆಯ ಹಲವೆಡೆ ಕಾಡಿನ ಜಾಗ ತೋರಿಸಲಾಯಿತು. ಅವರು ಕಡಿದು, ಕಟ್ಟಿ, ಬೆಳೆದರು. ಕಾಗದದಲ್ಲಿ ಮಾತ್ರ ಅದು ಕಾಡಾಗಿಯೇ ಉಳಿಯಿತು. 1980ರಲ್ಲಿ ಅರಣ್ಯ ಸಂರಕ್ಷಣಾ ಕಾಯ್ದೆ ಬಂದು, ಅರಣ್ಯವನ್ನು ಬಿಡುಗಡೆ ಮಾಡಲು ಕೇಂದ್ರದ ಒಪ್ಪಿಗೆ ಬೇಕೆಂದಾದಾಗ ಗಂಟು ಇನ್ನೂ ಬಿಗಿಯಾಯಿತು. ಸರ್ಕಾರವೇ ಕರೆತಂದು ಕೂರಿಸಿದವರು ಅರಣ್ಯ ಇಲಾಖೆಯ ಕಡತದಲ್ಲಿ ಒತ್ತುವರಿದಾರರಾದ ವಿಚಿತ್ರ ಇದು. ಅವರ ಮೊಮ್ಮಕ್ಕಳ ಕಾಲಕ್ಕೂ ಹಕ್ಕುಪತ್ರದ ಪ್ರಶ್ನೆ ಪೂರ್ತಿ ಬಗೆಹರಿದಿಲ್ಲ. ಲೋಕೋಪಯೋಗಿ ಇಲಾಖೆಯ ನೌಕರರಾಗಿ ಈ ಯೋಜನೆಯನ್ನು ಹತ್ತಿರದಿಂದ ಕಂಡ ನಾ. ಡಿ’ಸೋಜ ಅವರು ‘ಮುಳುಗಡೆ’, ‘ದ್ವೀಪ’ ಕಾದಂಬರಿಗಳನ್ನು ಬರೆದರು. ‘ದ್ವೀಪ’ವನ್ನು ಗಿರೀಶ ಕಾಸರವಳ್ಳಿ 2002ರಲ್ಲಿ ತೆರೆಗೆ ತಂದರು. ಸರ್ಕಾರಿ ವರದಿಗಳಲ್ಲಿ ‘ಸಂತ್ರಸ್ತರು’ ಎಂದಷ್ಟೇ ಇದ್ದವರಿಗೆ ಮನೆ, ಹೆಸರು, ಮಾತು ದೊರೆತದ್ದು ಅಲ್ಲಿ.

ಇತ್ತ ದೆಹಲಿಯಲ್ಲಿ ಪರಿಹಾರದ ಪ್ರಶ್ನೆ ಬೇರೆಯೇ ಸ್ವರೂಪ ಪಡೆದಿತ್ತು. ಜಮೀನ್ದಾರಿ ರದ್ದತಿಗೆ ಅಡ್ಡಿಯಾಗಬಾರದೆಂದು ಸಂವಿಧಾನದ ಆಸ್ತಿ ಹಕ್ಕನ್ನು 1951ರಿಂದಲೇ ಮೊಟಕುಗೊಳಿಸುತ್ತ ಬಂದರು. ನಷ್ಟಕ್ಕೆ ಸರಿಸಮನಾದ ಪರಿಹಾರ ಕೊಡಬೇಕೆಂದು ಬೇಲಾ ಬ್ಯಾನರ್ಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದರೆ, ಪರಿಹಾರ ಸಾಕೇ ಎಂದು ನ್ಯಾಯಾಲಯ ಕೇಳಕೂಡದು ಎಂದು 1955ರಲ್ಲಿ ಸಂವಿಧಾನವನ್ನೇ ತಿದ್ದಲಾಯಿತು. ಕೊನೆಗೆ 1978ರ 44ನೇ ತಿದ್ದುಪಡಿ ಆಸ್ತಿಯನ್ನು ಮೂಲಭೂತ ಹಕ್ಕುಗಳ ಪಟ್ಟಿಯಿಂದಲೇ ತೆಗೆಯಿತು. ಸಾವಿರ ಎಕರೆಯ ಜಮೀನ್ದಾರನಿಗೆಂದು ಹರಿತಗೊಳಿಸಿದ ಕತ್ತಿ ಎರಡು ಎಕರೆಯವನ ಮೇಲೂ ಬಿತ್ತು ಎನ್ನದೆ ವಿಧಿಯಿಲ್ಲ.

ಕರ್ನಾಟಕದಲ್ಲಿ ಕೇಂದ್ರ ಕಾಯ್ದೆಯೊಂದೇ ಅಲ್ಲ, 1966ರ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆ, 1976ರ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಕಾಯ್ದೆಗಳೂ ಜಮೀನು ಪಡೆಯುತ್ತವೆ. ಬೆಂಗಳೂರಿನ ಸುತ್ತ ನೋಟಿಫೈ, ಡಿನೋಟಿಫೈ ಎಂಬ ಪದಗಳು ಹೋಟೆಲ್ ಹರಟೆಗೂ ಇಳಿದದ್ದು ಇವುಗಳಿಂದ. ಅಧಿಸೂಚನೆ ಹೊರಡಿಸುವುದರಷ್ಟೇ ಅದನ್ನು ಕೈಬಿಡುವುದರಲ್ಲೂ ಅಧಿಕಾರ ಇದೆ ಎಂಬುದು ಜನಕ್ಕೆ ಬೇಗ ಅರ್ಥವಾಯಿತು.

ಹಳೆಯ ಕಾಯ್ದೆಗೆ ಕೊನೆ ತಂದದ್ದು ಬಂಗಾಳ; ಅದು ಹುಟ್ಟಿದ ಸೀಮೆಯೇ. 2006ರಲ್ಲಿ ಸಿಂಗೂರು, ಮರುವರ್ಷ ನಂದಿಗ್ರಾಮ. ನಂದಿಗ್ರಾಮದಲ್ಲಿ 2007ರ ಮಾರ್ಚ್ 14ರ ಗೋಲಿಬಾರಿನಲ್ಲಿ 14 ಜನ ಸತ್ತರು. 2013ರಲ್ಲಿ ಸಂಸತ್ತು ಹೊಸ ಕಾಯ್ದೆ ಮಾಡಿತು. 2014ರ ಜನವರಿ 1ರಿಂದ ಅದು ಜಾರಿಗೆ ಬಂತು. ಅದರಂತೆ ಸೋಲೇಷಿಯಂ ಶೇಕಡ 100. ಗ್ರಾಮಾಂತರದಲ್ಲಿ ಒಟ್ಟು ಪರಿಹಾರ ಮಾರುಕಟ್ಟೆ ಬೆಲೆಯ ನಾಲ್ಕು ಪಟ್ಟಿನವರೆಗೆ ಏರಬಹುದು. ಖಾಸಗಿ ಕಂಪನಿಗಾದರೆ ಶೇಕಡ 80ರಷ್ಟು, ಸರ್ಕಾರಿ-ಖಾಸಗಿ ಸಹಭಾಗಿತ್ವದ ಯೋಜನೆಯಾದರೆ ಶೇಕಡ 70ರಷ್ಟು ಬಾಧಿತರ ಒಪ್ಪಿಗೆ ಬೇಕು. ಭೂಮಿಯಿಲ್ಲದ ಕೂಲಿಯವನೂ ಬಾಧಿತ ಎಂದು ಮೊದಲ ಬಾರಿಗೆ ಕಾನೂನು ಗುರುತಿಸಿತು. ಈ ಷರತ್ತುಗಳನ್ನು ಸಡಿಲಿಸಲು ಕೇಂದ್ರ ಹೊರಡಿಸಿದ ಸುಗ್ರೀವಾಜ್ಞೆ 2015ರಲ್ಲಿ ಕಾಲ ಮುಗಿದು ಬಿದ್ದುಹೋಯಿತು.

ಹೊಸ ಕಾಯ್ದೆಯಿಂದ ಸರ್ಕಾರಗಳಿಗೆ ಜಮೀನು ದುಬಾರಿಯಾಯಿತು. ಕೃಷ್ಣಾ ಮೇಲ್ದಂಡೆಯಲ್ಲಿ ಅದನ್ನು ಕಾಣಬಹುದು. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಶಂಕುಸ್ಥಾಪನೆ ಮಾಡಿದ ಯೋಜನೆಗೆ ಹಳೆ ಬಾಗಲಕೋಟೆಯ ಭಾಗವೇ ನೀರಿಗೆ ಹೋಗಿ ನವನಗರ ಎದ್ದಿತು. ಆಲಮಟ್ಟಿಯ ನೀರನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸುವ ಮೂರನೇ ಹಂತಕ್ಕೆ ಮತ್ತೆ 75 ಸಾವಿರಕ್ಕೂ ಹೆಚ್ಚು ಎಕರೆ ಮುಳುಗಬೇಕು. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಂಪುಟ ಅದಕ್ಕೆ ಎಕರೆಗೆ ನೀರಾವರಿಯಾದರೆ 40 ಲಕ್ಷ, ಒಣಭೂಮಿಯಾದರೆ 30 ಲಕ್ಷ ರೂಪಾಯಿ ಎಂದು ಗೊತ್ತುಮಾಡಿತು.

ಅದೇ 2025ರ ಜುಲೈ ಎರಡು ಸುದ್ದಿಗಳನ್ನು ಬೆನ್ನುಬೆನ್ನಿಗೆ ತಂದಿತ್ತು. ಜುಲೈ 14ರಂದು ಶರಾವತಿ ಹಿನ್ನೀರಿನ ಮೇಲೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತು. ಲಿಂಗನಮಕ್ಕಿ ತುಂಬಿದಂದಿನಿಂದ ಲಾಂಚನ್ನೇ ನೆಚ್ಚಿಕೊಂಡಿದ್ದ ತುಮರಿ, ಸಿಗಂದೂರು ಕಡೆಯ ಜನಕ್ಕೆ ಆರು ದಶಕದ ಮೇಲೆ ದಾರಿ ಸಿಕ್ಕಿತು. ಮರುದಿನ, ಜುಲೈ 15ರಂದು, ದೇವನಹಳ್ಳಿ ತಾಲ್ಲೂಕು ಚನ್ನರಾಯಪಟ್ಟಣ ಹೋಬಳಿಯ 1,777 ಎಕರೆಯ ಸ್ವಾಧೀನವನ್ನು ಕೈಬಿಡುವುದಾಗಿ ಮುಖ್ಯಮಂತ್ರಿ ಪ್ರಕಟಿಸಿದರು. ಏರೋಸ್ಪೇಸ್ ಪಾರ್ಕಿಗೆಂದು 13 ಹಳ್ಳಿಗಳ ಜಮೀನಿಗೆ ಅಧಿಸೂಚನೆ ಹೊರಟದ್ದು 1966ರ ಕಾಯ್ದೆಯಡಿ. ರೈತರು ಧರಣಿ ಕೂತು ಮೂರು ವರ್ಷ ದಾಟಿತ್ತು. ಸ್ವಇಚ್ಛೆಯಿಂದ ಕೊಡುವವರಿದ್ದರೆ ಅವರಿಂದ ಕೊಳ್ಳಲಾಗುವುದು ಎಂಬ ಮಾತೂ ಆ ಪ್ರಕಟಣೆಯಲ್ಲಿತ್ತು.