ಗಸ್ತಿನಿಂದ ಸಾಗಣೆಗೆ: ಸಿಕೋರ್ಸ್ಕಿಯ ಒಂಟಿ ವಿಮಾನ

ಸಾಗರದ ಮೇಲೆ ದೂರದವರೆಗೆ ಗಸ್ತು ತಿರುಗಲೆಂದು ಸಿಕೋರ್ಸ್ಕಿ ಸಂಸ್ಥೆಯು ಅಮೆರಿಕದ ನೌಕಾಪಡೆಗಾಗಿ ರೂಪಿಸಿದ ಎಕ್ಸ್‌ಪಿಬಿಎಸ್-1, ‘ಹಾರುವ ದೋಣಿ’ಗಳ, ಎಂದರೆ ದೋಣಿಯಂಥ ಒಡಲಿದ್ದು ನೀರಿನಿಂದಲೇ ಮೇಲೇರಿ ನೀರಿಗೇ ಇಳಿಯುವ ವಿಮಾನಗಳ, ವರ್ಗಕ್ಕೆ ಸೇರಿದ್ದಾಗಿತ್ತು. ನಾಲ್ಕು ಎಂಜಿನ್‌ಗಳ ಈ ವಿಮಾನವು 1937ರ ಆಗಸ್ಟ್‌ನಲ್ಲಿ ಮೊದಲ ಬಾರಿಗೆ ಹಾರಿತಾದರೂ, ನೌಕಾಪಡೆಯು ಕನ್ಸಾಲಿಡೇಟೆಡ್ ಸಂಸ್ಥೆಯ ಕೊರೊನಾಡೊವನ್ನು ಆಯ್ದುಕೊಂಡದ್ದರಿಂದ ಅದರ ತಯಾರಿಕೆ ಒಂದಕ್ಕೇ ನಿಂತುಹೋಯಿತು. ಬೇಡವಾದ ಮಾದರಿಯನ್ನು ಮೂಲೆಗೆ ತಳ್ಳುವಷ್ಟು ಅನುಕೂಲ ಯುದ್ಧಕಾಲದಲ್ಲಿ ಯಾವ ಸೇನೆಗೂ ಇರುವುದಿಲ್ಲ. ಸಾಗರ ದಾಟಬಲ್ಲ ದೊಡ್ಡ ವಿಮಾನಗಳು ಆಗ ಕೆಲವೇ ಇದ್ದುದರಿಂದ, ಬಾಂಬು ಹೊರಬೇಕಿದ್ದ ಈ ಒಡಲು ಅಧಿಕಾರಿಗಳನ್ನೂ ಸರಕನ್ನೂ ಹೊತ್ತು ಕ್ಯಾಲಿಫೋರ್ನಿಯಾ ಮತ್ತು ಹವಾಯಿಗಳ ನಡುವೆ ಓಡಾಡಿತು. 1942ರ ಜೂನ್ 30ರಂದು, ಮಿಡ್‌ವೇ ಕದನ ಮುಗಿದು ತಿಂಗಳು ತುಂಬುವ ಮೊದಲೇ, ಪೆಸಿಫಿಕ್ ನೌಕಾಬಲದ ದಂಡನಾಯಕ ಅಡ್ಮಿರಲ್ ಚೆಸ್ಟರ್ ನಿಮಿಟ್ಸ್ ಅವರನ್ನು ಕರೆತರುತ್ತಿದ್ದ ಅದು ಅಲಮೇಡಾದಲ್ಲಿ ಇಳಿಯುವಾಗ ನೀರಿನಲ್ಲಿ ತೇಲುತ್ತಿದ್ದ ಮರದ ದಿಮ್ಮಿಗೆ ಬಡಿದು ಮಗುಚಿತು. ನಿಮಿಟ್ಸ್ ಸಣ್ಣಪುಟ್ಟ ಗಾಯಗಳೊಂದಿಗೆ ಪಾರಾದರು, ಸಹಚಾಲಕ ಸತ್ತರು. ಯುದ್ಧದ ಗತಿಯನ್ನೇ ಕದಲಿಸಬಹುದಾಗಿದ್ದ ಈ ಅವಘಡಕ್ಕೆ ಇತಿಹಾಸಗ್ರಂಥಗಳಲ್ಲಿ ಸಿಕ್ಕಿರುವ ಜಾಗ ತೀರ ಕಿರಿದು. ಇದೇ ವಿನ್ಯಾಸದಿಂದ ಹುಟ್ಟಿದ ವಿಎಸ್-44 ಎಂಬ ಪ್ರಯಾಣಿಕ ವಿಮಾನಗಳು ಮೂರೇ ಮೂರು. ಯುದ್ಧದ ವರ್ಷಗಳಲ್ಲಿ ಅಟ್ಲಾಂಟಿಕ್ ದಾಟುತ್ತಿದ್ದ ಅವುಗಳ ಪೈಕಿ ಎಕ್ಸ್‌ಕ್ಯಾಂಬಿಯನ್ ಮಾತ್ರ ಉಳಿದುಕೊಂಡು, ಕನೆಕ್ಟಿಕಟ್‌ನ ನ್ಯೂ ಇಂಗ್ಲೆಂಡ್ ಏರ್ ಮ್ಯೂಸಿಯಂನಲ್ಲಿದೆ.