ಗೋರಿಯಲ್ಲ, ಗೋವಿನ ಹಟ್ಟಿ

ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ದಾರಿಯಲ್ಲಿ ಕುಡತಿನಿ ಎಂಬ ಊರು ಸಿಗುತ್ತದೆ. ನಾನು ಹುಡುಗನಾಗಿದ್ದಾಗ ನಮ್ಮ ಬಸ್ಸು ಅಲ್ಲಿಯ ಬೂದಿದಿಬ್ಬದ ಸಮೀಪ ಬಂದಾಗಲೆಲ್ಲ ನಮ್ಮಜ್ಜ, "ಭೀಮಸೇನ ಹಿಡಿಂಬಾಸುರನನ್ನು ಕೊಂದು ಸುಟ್ಟ ಜಾಗ ನೋಡಪ್ಪ ಅದು" ಎನ್ನುತ್ತಿದ್ದರು. ಹಂಪೆಯ ಬಳಿಯ ನಿಂಬಾಪುರದಲ್ಲಿಯೂ ಇಂಥದೇ ಒಂದು ರಾಶಿಯನ್ನು ವಾಲಿಯ ಚಿತಾಭಸ್ಮವೆಂದು ತೋರಿಸುತ್ತಾರೆ. ಬೂದಿ ಕಂಡಲ್ಲಿ ಚಿತೆಯನ್ನು ನೆನೆಯುವುದು ಮನುಷ್ಯನ ಸ್ವಭಾವ. ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ವಿದ್ವಾಂಸರೂ ಇದಕ್ಕೆ ಹೊರತಾಗಿರಲಿಲ್ಲ; ಕೆಲವರು ಇದನ್ನು ಜ್ವಾಲಾಮುಖಿಯ ಕಿಟ್ಟವೆಂದರೆ, ಇನ್ನು ಕೆಲವರು ಹೆಣಗಳನ್ನು ಒಟ್ಟಿ ಸುಟ್ಟ ಗುರುತೆಂದರು.

ಮೊನ್ನೆ ನನ್ನ ಸೋದರಳಿಯ ತನ್ನ ಫೋನಿನಲ್ಲಿ ಉಪಗ್ರಹ ತೆಗೆದ ಚಿತ್ರಗಳನ್ನು ತೋರಿಸಿದ. ಕುರುಗೋಡಿನ ಕಲ್ಲುಗುಡ್ಡಗಳಿಂದ ಹಿಡಿದು ತೆಕ್ಕಲಕೋಟೆಯ ಮೇಲೆ ಸಿರುಗುಪ್ಪದ ಭತ್ತದ ಗದ್ದೆಗಳವರೆಗೆ ನಮ್ಮ ಸೀಮೆಯೆಲ್ಲ ಅಂಗೈಯಲ್ಲಿ ಹರಡಿತ್ತು. ನಡುವೆ ಅಲ್ಲಲ್ಲಿ ಮಾಸಲು ಬಣ್ಣದ ದುಂಡನೆಯ ಗುರುತುಗಳು. "ಮಾಮ, ಇವೆಲ್ಲ ಹಳೆಯ ಕಾಲದ ಗೋರಿಗಳೇ ಇರಬೇಕು" ಎಂದ. ನನಗೆ ಅಜ್ಜನ ಮಾತು ನೆನಪಾಗಿ ನಗು ಬಂದಿತು.

ಆಕಾಶದಿಂದ ಇತಿಹಾಸವನ್ನು ಹುಡುಕುವ ಕ್ರಮ ಹೊಸದೇನಲ್ಲ. ಇಂಗ್ಲೆಂಡಿನ ಓ. ಜಿ. ಎಸ್. ಕ್ರಾಫರ್ಡ್ ಮತ್ತು ಅಲೆಕ್ಸಾಂಡರ್ ಕೀಲರ್ ವಿಮಾನದಿಂದ ತೆಗೆದ ಚಿತ್ರಗಳ ಗ್ರಂಥವೊಂದನ್ನು 1928ರಲ್ಲಿಯೇ ಪ್ರಕಟಿಸಿದರು. ಹೂತುಹೋದ ಕಂದಕದ ಮೇಲೆ ತೇವ ಹೆಚ್ಚು, ಆದ್ದರಿಂದ ಪೈರು ಸೊಂಪು. ಹೂತ ಗೋಡೆಯ ಮೇಲೆ ಮಣ್ಣು ತೆಳು, ಅಲ್ಲಿ ಪೈರು ಬೇಗ ಹಳದಿಯಾಗುತ್ತದೆ. ಸಂಜೆಯ ಓರೆ ಬಿಸಿಲಿನಲ್ಲಿ ಮೊಣಕಾಲೆತ್ತರದ ದಿಬ್ಬವೂ ಉದ್ದನೆಯ ನೆರಳು ಚೆಲ್ಲುತ್ತದೆ. ನೆಲದ ಮೇಲೆ ನಿಂತವನಿಗೆ ಕಾಣದ ವೃತ್ತ ಮೇಲಿನಿಂದ ನೋಡಿದವನಿಗೆ ಪೂರ್ತಿಯಾಗಿ ಕಾಣುತ್ತದೆ.

ಆದರೆ ಚಿತ್ರ ಹೇಳುವುದು 'ಎಲ್ಲಿ' ಎಂಬುದನ್ನು ಮಾತ್ರ. 'ಏನು' ಎಂಬುದನ್ನು ಗುದ್ದಲಿಯೇ ಹೇಳಬೇಕು. ಈ ದಿಬ್ಬಗಳು ದನದ ಸಗಣಿಯ ಬೂದಿಯೆಂದು ರಾಬರ್ಟ್ ಬ್ರೂಸ್ ಫೂಟ್ ಬಹಳ ಹಿಂದೆಯೇ ಊಹಿಸಿದ್ದರು. 1957ರಲ್ಲಿ ಆಲ್ಚಿನ್ ಅವರು ಇಂದಿನ ತೆಲಂಗಾಣದ ಉಟ್ನೂರಿನಲ್ಲಿ ಇಂಥದೇ ದಿಬ್ಬವನ್ನು ಅಗೆದಾಗ, ದೊಡ್ಡಿಯ ಸುತ್ತ ನೆಟ್ಟಿದ್ದ ಕಂಬಗಳ ಕುಳಿಗಳೂ ದನಗಳ ಗೊರಸಿನ ಅಚ್ಚುಗಳೂ ದೊರೆತವು. ಬಳ್ಳಾರಿಯ ದಿಬ್ಬಗಳ ಕಿಟ್ಟವನ್ನು ಪರೀಕ್ಷಿಸಿದ ತ್ಸಾಯ್ನರ್ ಅವರು ಅದು ಸುಟ್ಟ ಸಗಣಿಯೇ ಎಂದು 1960ರಲ್ಲಿ ಬರೆದರು. ನಾಲ್ಕೈದು ಸಾವಿರ ವರ್ಷಗಳ ಹಿಂದೆ, ಕಬ್ಬಿಣವನ್ನು ಕಾಣದ ಜನ ಇಲ್ಲಿ ದನ ಕೂಡಿ, ಸಗಣಿಯ ರಾಶಿಗೆ ಮತ್ತೆ ಮತ್ತೆ ಬೆಂಕಿ ಇಟ್ಟಿದ್ದರು. ನಾವು ಸಾವಿನ ಗುರುತೆಂದುಕೊಂಡದ್ದು ಬದುಕಿನ ಗುರುತು.

ಹಾಗಾದರೆ ಅವರ ಸತ್ತವರೆಲ್ಲಿ? ಸಿರುಗುಪ್ಪ ಸೀಮೆಯ ತೆಕ್ಕಲಕೋಟೆಯಲ್ಲಿ ಡಾ. ಎಂ. ಎಸ್. ನಾಗರಾಜರಾವ್ ಅವರು 1963-64ರಲ್ಲಿ ನಡೆಸಿದ ಉತ್ಖನನ ಇದಕ್ಕೆ ಉತ್ತರ ಕೊಟ್ಟಿತು. ದೊಡ್ಡವರನ್ನು ನೀಳವಾಗಿ ಮಲಗಿಸಿ ಹೂಳುತ್ತಿದ್ದರು. ಎಳೆಯ ಮಕ್ಕಳನ್ನು ಮಡಕೆಯಲ್ಲಿಟ್ಟು ಹೂಳುತ್ತಿದ್ದರು. ವಾಸದ ನೆಲೆಯೇ ಅವರಿಗೆ ಸಮಾಧಿಯ ನೆಲವೂ ಆಗಿತ್ತು. ಇದಾವುದೂ ಆಕಾಶದಿಂದ ಕಾಣುವಂಥದಲ್ಲ. ಸತ್ತವರಿಗಾಗಿ ದೊಡ್ಡ ಕಲ್ಲುಚಪ್ಪಡಿಗಳ ಮನೆ ಕಟ್ಟುವ ಪದ್ಧತಿ ಬಲಗೊಂಡದ್ದು ಆಮೇಲೆ, ಕಬ್ಬಿಣದ ಕಾಲದಲ್ಲಿ. ತುಂಗಭದ್ರೆಯ ಆಚೆಯ ಹಿರೇಬೆಣಕಲ್ಲಿನಲ್ಲಿ ಅಂಥವು ನೂರಾರು ಇವೆ. ಜನ ಅವನ್ನು ಮೋರೇರ ಮನೆಗಳೆಂದು ಕರೆಯುತ್ತಾರೆ.

ಅಳಿಯನಿಗೆ ಇದನ್ನೆಲ್ಲ ಹೇಳಿದೆ. ಅವನು ಸುಮ್ಮನಿದ್ದು, "ಹಾಗಾದರೆ ಅಗೆಯುವವರು ಬರುವವರೆಗೆ ಇವು ಉಳಿದಿರುತ್ತವೆಯೇ?" ಎಂದು ಕೇಳಿದ. ಪ್ರಶ್ನೆ ಸಣ್ಣದಲ್ಲ. ಡಾ. ಸುಬ್ಬರಾವ್ ಅವರು ಅಗೆದು 1948ರಲ್ಲಿ ಗ್ರಂಥ ಬರೆದ ಸಂಗನಕಲ್ಲಿನ ನೆರೆಯ ಗುಡ್ಡಗಳನ್ನೇ ಕಲ್ಲುಗಣಿಗಳು ಕಡಿದಿವೆ. ಅಲ್ಲಿಯ ಬಂಡೆಗಳ ಮೇಲೆ ಆ ಗೋಪಾಲಕರು ಕುಟ್ಟಿ ಬಿಡಿಸಿದ ಎತ್ತುಗಳ ಚಿತ್ರಗಳಿವೆ. ಬಡಿದರೆ ಗಂಟೆಯಂತೆ ನುಡಿಯುವ ಬಂಡೆಗಳೂ ಇವೆ. ನೀರಾವರಿಯ ಬಯಲಿನಲ್ಲಿ ಗದ್ದೆಗಾಗಿ ನೆಲವನ್ನು ಮಟ್ಟ ಮಾಡಿದರೆ ದಿಬ್ಬ ಒಂದೇ ದಿನದಲ್ಲಿ ಕಾಣೆಯಾದೀತು. ರೈತನನ್ನು ದೂರಿ ಫಲವಿಲ್ಲ; ಅದೇನೆಂದು ಅವನಿಗೆ ತಿಳಿಸಿದವರು ಯಾರು?

ಕುಡತಿನಿಯಲ್ಲಿ ಈಗ ಕಲ್ಲಿದ್ದಲಿನಿಂದ ವಿದ್ಯುತ್ತು ಮಾಡುವ ದೊಡ್ಡ ಸ್ಥಾವರವಿದೆ. ಅದೂ ದಿನದಿನವೂ ಬೂದಿಯನ್ನೇ ಉಗುಳುತ್ತದೆ. ಮುಂದೊಂದು ಕಾಲದವರು ಆ ಬೂದಿಯನ್ನು ಕಂಡು ಯಾವ ಅಸುರನ ಹೆಸರು ಹೇಳುತ್ತಾರೋ! ನಮ್ಮಜ್ಜನ ಕತೆ ತಪ್ಪಿರಬಹುದು. ಆದರೆ ದಾಟುವಾಗಲೆಲ್ಲ ಅವರು ಅದನ್ನು ಬೆರಳು ಮಾಡಿ ತೋರಿಸುತ್ತಿದ್ದರು. ನಿಜವನ್ನು ಬಲ್ಲ ನಾವು ಅಷ್ಟನ್ನಾದರೂ ಮಾಡಬೇಡವೇ?