ಹುಟ್ಟೇ ಲೆಕ್ಕವಾಗಿದ್ದ ರಿಜಿಸ್ಟರು

ನಮ್ ಕಡೆ, ಅಂದ್ರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸುತ್ತಲಿನ ಹಳ್ಳಿಗಳಲ್ಲಿ ಕಳುವಾದ್ರೆ ಜನ ಮೊದ್ಲು ಕೇಳೋದು “ಯಾರು ಮಾಡಿದ್ರು?” ಅಂತಲ್ಲ, “ಯಾರ ಪೈಕಿ ಇರಬೌದು?” ಅಂತ. ಕುರಿ ಕಾಣೆಯಾಗ್ಲಿ, ಪಂಪ್‌ಸೆಟ್ಟಿನ ವೈರು ಹೋಗ್ಲಿ, ಎರಡೇ ನಿಮಿಷಕ್ಕೆ ಮಾತು ತಾಂಡಾ ಕಡೆಗೋ ಕೊರಚರ ಕೇರಿ ಕಡೆಗೋ ತಿರುಗ್ತದೆ. ಇದು ಊರ ಕಟ್ಟೆ ಮೇಲೆ ಹುಟ್ಟಿದ ಮಾತು ಅಂತ ನಾವು ತಿಳ್ಕೊಂಡಿದ್ದೀವಿ. ಆದ್ರೆ ಈ ಮಾತಿಗೆ ಒಂದು ಕಾಲಕ್ಕೆ ಸರ್ಕಾರದ ಸೀಲು ಬಿದ್ದಿತ್ತು. ಅದಕ್ಕೊಂದು ಕಾಯ್ದೆ ಇತ್ತು, ಹೆಬ್ಬೆಟ್ಟು ಒತ್ತಿಸಿಕೊಳ್ಳೋ ರಿಜಿಸ್ಟರೂ ಇತ್ತು.

1953ರ ಅಕ್ಟೋಬರ್ 1ರವರೆಗೆ ನಮ್ಮ ಸೀಮೆ ಮದರಾಸಿಗೆ ಸೇರಿತ್ತು. ಹಡಗಲಿ ಕಡೆಯಿಂದ ತುಂಗಭದ್ರೆ ದಾಟಿದ್ರೆ ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆ. ಈ ಎರಡೂ ಕಡೆ ಕೊರಚರು, ಲಂಬಾಣಿಗರು ಎತ್ತು ಕತ್ತೆಗಳ ಮೇಲೆ ಉಪ್ಪು, ಕಾಳು ಹೇರಿಕೊಂಡು ಊರೂರು ತಿರುಗಿ ಮಾರ್ತಿದ್ರು. ಆಮೇಲೆ ಉಪ್ಪಿನ ಮೇಲೆ ಸರ್ಕಾರದ ಹಿಡಿತ ಬಿಗಿಯಾಯ್ತು. ಹತ್ತೊಂಬತ್ತನೇ ಶತಮಾನದ ಕೊನೆಗೆ ರೈಲು ಬಂತು. ತಿಂಗಳುಗಟ್ಟಲೆ ನಡೆದು ಮುಟ್ಟಿಸೋ ಸರಕು ಗೂಡ್ಸ್ ಗಾಡಿಯಾಗ ಒಂದೇ ರಾತ್ರಿಗೆ ಬಂದು ಬೀಳೋಕೆ ಶುರುವಾದ ಮೇಲೆ ಈ ಜನರ ಹೊಟ್ಟೆಪಾಡು ಏನಾಗಬೇಕು? ವ್ಯಾಪಾರ ಹೋಯ್ತು, ತಿರುಗಾಟ ಉಳೀತು. ಕೆಲಸ ಇಲ್ದೆ ತಿರುಗೋರನ್ನ ಕಂಡ್ರೆ ಪೊಲೀಸರಿಗೆ ಅನುಮಾನ. ಮೀನಾ ರಾಧಾಕೃಷ್ಣ ಅವರು 2001ರ ತಮ್ಮ ಪುಸ್ತಕದಲ್ಲಿ ಮದರಾಸು ಪ್ರಾಂತ್ಯದ ಕೊರವರ ಈ ಕತೆಯನ್ನ ದಾಖಲೆ ಸಮೇತ ಬಿಡಿಸಿಟ್ಟಿದ್ದಾರೆ.

1871ರಲ್ಲಿ ಉತ್ತರ ಭಾರತಕ್ಕೆ ಅಂತ ಬಂದ ಕ್ರಿಮಿನಲ್ ಟ್ರೈಬ್ಸ್ ಆಕ್ಟ್ 1911ರಲ್ಲಿ ಹೊಸದಾಗಿ ಬರೆದ ಮೇಲೆ ಮದರಾಸಿಗೂ ಬಂತು. ಅದು ನಡೀತಿದ್ದ ರೀತಿ ನೋಡ್ರಿ. ಒಂದು ಬುಡಕಟ್ಟು ಕಳ್ಳತನಕ್ಕೆ ಬಿದ್ದಿದೆ ಅಂತ ಸರ್ಕಾರಕ್ಕೆ ಅನ್ನಿಸಿದ್ರೆ ಸಾಕು, ಗೆಜೆಟ್‌ನಲ್ಲಿ ಹಾಕಬಹುದಿತ್ತು. ಅದು ಸರಿಯೋ ತಪ್ಪೋ ಅಂತ ಕೋರ್ಟು ಕೇಳೋ ಹಾಗಿರಲಿಲ್ಲ. ಹೆಸರು ಬರೆಸಬೇಕು, ಬೆರಳಚ್ಚು ಕೊಡಬೇಕು, ಹೇಳಿದ ಹೊತ್ತಿಗೆ ಹಾಜರಿ ಹಾಕಬೇಕು. ಹಾಜರಿ ತಪ್ಪಿದ್ರೆ ಅದೇ ಒಂದು ಅಪರಾಧ. ಪಟ್ಟಿಯಲ್ಲಿರೋ ಅಪರಾಧಕ್ಕೆ ಎರಡನೇ ಸಲ ಶಿಕ್ಷೆಯಾದ್ರೆ ಕಮ್ಮಿ ಅಂದ್ರೂ 7 ವರ್ಷ, ಮೂರನೇ ಸಲಕ್ಕೆ ಜೀವಾವಧಿ ಗಡಿಪಾರು. 6ರಿಂದ 18 ವರ್ಷದ ಮಕ್ಕಳನ್ನ ತಂದೆತಾಯಿಯಿಂದ ಬಿಡಿಸಿ ಬೇರೆ ಶಾಲೆಗೆ ಹಾಕೋದಕ್ಕೂ ಅವಕಾಶ ಇತ್ತು.

ಇವತ್ತಿನ ಅಪರಾಧ ಮನೋವಿಜ್ಞಾನದಲ್ಲಿ ‘ರಿಸ್ಕ್ ಅಸೆಸ್‌ಮೆಂಟ್’ ಅನ್ನೋ ಕೆಲಸ ಐತಿ. ಒಬ್ಬ ಮನುಷ್ಯ ಮತ್ತೆ ತಪ್ಪು ಮಾಡೋ ಸಾಧ್ಯತೆ ಎಷ್ಟು ಅಂತ ಅಂದಾಜು ಹಾಕೋದು. ನನ್ನ ಪ್ರಕಾರ ಆ 1911ರ ರಿಜಿಸ್ಟರೂ ಒಂದು ರಿಸ್ಕ್ ಅಸೆಸ್‌ಮೆಂಟೇ. ಅದು ಲೆಕ್ಕಕ್ಕೆ ತಗೋತಿದ್ದದ್ದು ಒಂದೇ ಸಂಗತಿ: ಹುಟ್ಟು. ನಾನು ಕೋಡ್ ಬರೆಯೋನು, ನನ್ನ ಭಾಷೆಯಲ್ಲಿ ಹೇಳ್ತೀನಿ: ಒಂದೇ ಇನ್‌ಪುಟ್ಟು ಇರೋ ಪ್ರೋಗ್ರಾಮು, ಆ ಇನ್‌ಪುಟ್ಟನ್ನ ಸಾಯೋತನಕ ಬದಲಾಯಿಸೋಕೆ ಬರಲ್ಲ. ಇನ್ನೂ ಕೆಟ್ಟದ್ದು ಅಂದ್ರೆ ಅದು ತನ್ನ ಸಾಕ್ಷಿಯನ್ನ ತಾನೇ ತಯಾರು ಮಾಡ್ಕೋತಿತ್ತು. ಹಾಜರಿ ತಪ್ಪಿದ್ದಕ್ಕೆ ಜೈಲು, ಜೈಲಿಗೆ ಹೋಗಿದ್ದಕ್ಕೆ “ನೋಡಿ, ನಾವು ಹೇಳಿರಲಿಲ್ವಾ” ಅನ್ನೋ ದಾಖಲೆ. ಕಣಿ ಹೇಳೋ ಕೊರವಂಜಿ ಊರ ಮಂದಿಗೆಲ್ಲ ಭವಿಷ್ಯ ಹೇಳ್ತಿದ್ಲು, ಅವಳ ಮಕ್ಕಳ ಭವಿಷ್ಯವನ್ನ ಗೆಜೆಟ್ಟು ಹೇಳ್ತಿತ್ತು.

ಈಗ ಚಿಕಿತ್ಸೆ ವಿಷಯ. ಆಗಲೂ ‘ಸುಧಾರಣೆ’ ಅನ್ನೋ ಮಾತಿತ್ತು. ಮದರಾಸು ಪ್ರಾಂತ್ಯದಲ್ಲಿ ಸಾಲ್ವೇಶನ್ ಆರ್ಮಿಯವರು ಆಂಧ್ರದ ಸ್ಟೂವರ್ಟ್‌ಪುರಂ ಕಟ್ಟಿದ್ರು. ಮುಂಬೈ ಪ್ರಾಂತ್ಯದಲ್ಲಿ ವಿಜಯಪುರ, ಗದಗ, ಹುಬ್ಬಳ್ಳಿಯಲ್ಲಿ ಸೆಟ್ಲಮೆಂಟುಗಳಾದವು. ಹುಬ್ಬಳ್ಳಿಯಲ್ಲಿ ಇವತ್ತಿಗೂ ಆಟೋದವರಿಗೆ “ಸೆಟ್ಲಮೆಂಟ್” ಅಂದ್ರೆ ಸಾಕು, ಗೊತ್ತಾಗ್ತದೆ. ಶಾಲೆ ಇತ್ತು, ಗಿರಣಿಯಾಗ ಕೂಲಿ ಸಿಗ್ತಿತ್ತು, ಕೆಲವರ ಬದುಕು ಒಂದು ದಾರಿಗೂ ಬಂತು. ಅದನ್ನ ಅಲ್ಲಗಳೆಯೋಕೆ ಆಗಲ್ಲ. ಆದ್ರೆ ಅದು ರೋಗ ನೋಡದೆ ಕುಲ ನೋಡಿ ಕೊಟ್ಟ ಔಷಧ. ಜೀವಮಾನದಲ್ಲಿ ಒಂದು ಕಡ್ಡಿ ಕದಿಯದೋನಿಗೂ ಅದೇ ಬೇಲಿ, ಅದೇ ಹಾಜರಿ.

ಇದೇ ಹೊತ್ತಿಗೆ ಬೇರೆ ಕಡೆ ಇನ್ನೊಂದು ದಾರಿ ಶುರುವಾಗಿತ್ತು. 1928ರಲ್ಲಿ ಅಮೆರಿಕದ ಅರ್ನೆಸ್ಟ್ ಬರ್ಜೆಸ್ ಇಲಿನಾಯ್ಸ್ ರಾಜ್ಯದಲ್ಲಿ ಪೆರೋಲ್ ಮೇಲೆ ಹೊರಬಂದ 3000 ಜನರ ದಾಖಲೆ ನೋಡಿ 21 ಅಂಶಗಳ ಪಟ್ಟಿ ಮಾಡಿದರು. ಅವರೂ ತಂದೆಯ ದೇಶ, ಮೂಲ ಅಂತ ಬರೆದುಕೊಂಡಿದ್ರು, ಪೂರ್ತಿ ಶುದ್ಧ ಏನಲ್ಲ. ಆದ್ರೆ ಲೆಕ್ಕ ಒಬ್ಬೊಬ್ಬ ಮನುಷ್ಯನದ್ದಾಯ್ತು. 1990ರಲ್ಲಿ ಕೆನಡಾದ ಆಂಡ್ರೂಸ್, ಬೊಂಟಾ ಮತ್ತು ಹೋಜ್ ಮುಖ್ಯವಾದ ಮಾತು ಹೇಳಿದ್ರು. ಅಪಾಯ ಜಾಸ್ತಿ ಇರೋರಿಗೆ ಸಹಾಯವೂ ಜಾಸ್ತಿ ಬೇಕು. ಕುಡಿತ, ಸಹವಾಸ, ಕೆಲಸ ಇಲ್ಲದಿರೋದು, ಯೋಚನೆಯ ಧಾಟಿ, ಹೀಗೆ ಬದಲಾಗಬಲ್ಲ ಕಾರಣಗಳಿಗೆ ಕೈ ಹಾಕಬೇಕು. ಆ ಮನುಷ್ಯನಿಗೆ ಒಗ್ಗೋ ರೀತಿಯಲ್ಲೇ ಮಾಡಬೇಕು. ಇಷ್ಟು ಬಂದ ಮೇಲೆ ಅಂದಾಜು ಮತ್ತು ಚಿಕಿತ್ಸೆ ಒಂದಕ್ಕೊಂದು ಸೇರಿದವು.

ನಮ್ಮಲ್ಲಿ ಇದರ ಅಗತ್ಯ ಎಷ್ಟಿದೆ ಅಂತ ತಿಳಿಯೋಕೆ ನಿಮ್ಹಾನ್ಸ್ ವೈದ್ಯರು 2011ರಲ್ಲಿ ಪ್ರಕಟಿಸಿದ ಬೆಂಗಳೂರು ಜೈಲಿನ ಅಧ್ಯಯನ ನೋಡ್ರಿ. ಪರಿಶೀಲಿಸಿದ 5024 ಕೈದಿಗಳಲ್ಲಿ 4002 ಜನರಿಗೆ, ಅಂದ್ರೆ ಶೇ 79.6 ಮಂದಿಗೆ, ಮಾನಸಿಕ ಕಾಯಿಲೆ ಅಥವಾ ಬೀಡಿ, ಸಾರಾಯಿಯಂಥ ಚಟದ ಸಮಸ್ಯೆ ಇತ್ತು. ಚಟ ಬಿಟ್ಟು ಲೆಕ್ಕ ಹಾಕಿದ್ರೂ ನಾಲ್ಕರಲ್ಲಿ ಒಬ್ಬರಿಗಿಂತ ಹೆಚ್ಚು. ಇವೆಲ್ಲ ಚಿಕಿತ್ಸೆಗೆ ಸಿಗೋ ಸಂಗತಿಗಳು. ಯಾವ ಕೇರಿಯೋನು ಅನ್ನೋದಕ್ಕೆ ಚಿಕಿತ್ಸೆ ಇಲ್ಲ.

ಹಂಗಂತ ಕಂಪ್ಯೂಟರ್ ಬಂದ್ರೆ ನ್ಯಾಯ ಬಂತು ಅಂತ ಕಣ್ಣು ಮುಚ್ಚಿ ನಂಬೋಕೂ ಆಗಲ್ಲ. ಅಮೆರಿಕದ ಕೋರ್ಟುಗಳಲ್ಲಿ ಬಳಸೋ ಕಂಪಾಸ್ ಅನ್ನೋ ಸಾಫ್ಟ್‌ವೇರನ್ನ 2016ರಲ್ಲಿ ಪ್ರೊಪಬ್ಲಿಕಾ ಪತ್ರಕರ್ತರು ಫ್ಲಾರಿಡಾದ ಒಂದು ಕೌಂಟಿಯಲ್ಲಿ ಪರೀಕ್ಷೆ ಮಾಡಿದರು. ಮುಂದೆ ತಪ್ಪು ಮಾಡದೇ ಉಳಿದ ಕಪ್ಪು ಜನರಲ್ಲಿ ಸುಮಾರು ಶೇ 45 ಮಂದಿಗೆ ಅದು ‘ಅಪಾಯಕಾರಿ’ ಅಂತ ಹಣೆಪಟ್ಟಿ ಹಚ್ಚಿತ್ತು, ಬಿಳಿಯರಲ್ಲಿ ಸುಮಾರು ಶೇ 23. ಕಂಪನಿಯವರು ಈ ಲೆಕ್ಕದ ರೀತಿಯನ್ನೇ ಒಪ್ಪಲಿಲ್ಲ, ವಾದ ಇನ್ನೂ ನಡೀತಾ ಇದೆ. ಆ ಸಾಫ್ಟ್‌ವೇರಿಗೆ ಚರ್ಮದ ಬಣ್ಣ ಯಾರೂ ಹೇಳಿರಲಿಲ್ಲ. ಆದ್ರೆ ಯಾವ ಓಣಿಗೆ ಪೊಲೀಸ್ ಜೀಪು ಜಾಸ್ತಿ ಹೋಗ್ತದೋ ಅಲ್ಲಿ ಅರೆಸ್ಟೂ ಜಾಸ್ತಿ. ಆ ಅರೆಸ್ಟೇ ನಾಳೆ ಡೇಟಾ. ನಮ್ಮ ತಾಂಡಾಗಳ ವಿಷಯಕ್ಕೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ಮದರಾಸಿನಲ್ಲಿ ಆ ಕಾಯ್ದೆ 1947ರಲ್ಲೇ ಹೋಯ್ತು. ದೇಶಕ್ಕೆಲ್ಲ 1952ರ ಆಗಸ್ಟ್ 31ಕ್ಕೆ ರದ್ದಾಯ್ತು. ಅವತ್ತಿಂದ ಆ ಜನಕ್ಕೆ ‘ವಿಮುಕ್ತರು’ ಅಂತ ಹೆಸರು. ಅದರ ಜಾಗಕ್ಕೆ ‘ರೂಢಿಗತ ಅಪರಾಧಿ’ಗಳ ಕಾಯ್ದೆಗಳು ಬಂದವು, ಕರ್ನಾಟಕದ್ದು 1961ರದ್ದು. ಕಾಗದದ ಮೇಲೆ ಕುಲ ಹೋಗಿ ವ್ಯಕ್ತಿ ಬಂದ. ನಡವಳಿಕೆ ಅಷ್ಟು ಬೇಗ ಬದಲಾಗಲಿಲ್ಲ. 2024ರ ಅಕ್ಟೋಬರ್ 3ರಂದು, ಪತ್ರಕರ್ತೆ ಸುಕನ್ಯಾ ಶಾಂತಾ ಹಾಕಿದ್ದ ಕೇಸಿನಲ್ಲಿ, ಜೈಲಿನ ರಿಜಿಸ್ಟರುಗಳಿಂದ ಜಾತಿ ಕಾಲಂ ತೆಗೀರಿ, ವಿಮುಕ್ತ ಸಮುದಾಯದವರನ್ನ ಸುಮ್‌ಸುಮ್ನೆ ಬಂಧಿಸಬೇಡಿ ಅಂತ ಸುಪ್ರೀಂ ಕೋರ್ಟು ಹೇಳಬೇಕಾಯ್ತು. ಕಾಯ್ದೆ ಹೋಗಿ 72 ವರ್ಷ ಆದ ಮೇಲೆ!

ರಿಜಿಸ್ಟರಿನ ಕಾಲಂ ಕೋರ್ಟು ಹೇಳಿದ್ರೆ ಹೋಗ್ತದೆ. ಕಟ್ಟೆ ಮೇಲಿನ ಕಾಲಂ ತೆಗೆಯೋದು ನಮ್ಮ ಕೆಲಸ. ಮುಂದಿನ ಸಲ ಊರಾಗ ಏನಾದ್ರೂ ಕಳುವಾದ್ರೆ, “ಯಾರ ಪೈಕಿ?” ಅನ್ನೋ ಮಾತು ಯಾರ ಬಾಯಿಂದ ಬರ್ತದೋ ಅವರಿಗೆ ಈ 1911ರ ಕತೆ ಹೇಳ್ರಿ.